ಹೇರ್‌ಪಿನ್ನಿನ ಎರಡು ಗೀರು

ಆ ಕಾಂಕ್ರೀಟ್ ಕ್ಯೂಬಿನ ಮೇಲೆ ತಾರೀಖು ಒಂಟಿ ಗೀರಿನಲ್ಲಿತ್ತು, ಮೊಳೆಯಿಂದ ಕೊರೆದಷ್ಟು ದಪ್ಪ. ನಾನು ಬರೆಯುವುದು ಹೇರ್‌ಪಿನ್ನಿನಿಂದ. ಹಸಿ ಕಾಂಕ್ರೀಟಿನ ಮೇಲೆ ಅದರ ತುದಿಗಳು ಜೋಡಿ ಗೀರು ಬಿಡುತ್ತವೆ.

ಔರಾದ ರಸ್ತೆಯ ಸೇತುವೆ ಕೆಲಸದಲ್ಲಿ ನಾನು ಗುಣಮಟ್ಟ ನೋಡುವ ಇಂಜಿನಿಯರ್. ಕಾಂಕ್ರೀಟ್ ಹಾಕಿದಾಗಲೆಲ್ಲ ಅದರಿಂದಲೇ ಆರು ಕ್ಯೂಬ್ ತುಂಬಿಸಿಡುತ್ತೇವೆ. ಏಳನೆಯ ದಿನ ಮೂರನ್ನು ಸೈಟಿನಲ್ಲೇ ಒಡೆದು ಬಲ ನೋಡುತ್ತೇವೆ. ಉಳಿದ ಮೂರು ಇಪ್ಪತ್ತೆಂಟನೆಯ ದಿನ ಬೀದರಿನ ಲ್ಯಾಬಿಗೆ ಹೋಗುತ್ತವೆ.

ಹೊಸ ಪ್ರಾಜೆಕ್ಟ್ ಮ್ಯಾನೇಜರ್ ಬಂದವರೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಹೆಣ್ಮಕ್ಕಳಿಗೆ ಬಾತ್‌ರೂಮ್ ಎಲ್ಲದ?" ನಾನು ರಸ್ತೆಯಾಚೆಯ ಮನೆಯೊಂದನ್ನು ತೋರಿಸಿದೆ. ಎರಡು ವರ್ಷ ಅಲ್ಲಿಗೇ ಹೋಗುತ್ತಿದ್ದೆ. ಹೆಚ್ಚು ಸಲ ಹೋಗಬೇಕಾದೀತೆಂದು ಮಧ್ಯಾಹ್ನದವರೆಗೆ ನೀರು ಕುಡಿಯುತ್ತಿರಲಿಲ್ಲ. ಐದೇ ದಿನದಲ್ಲಿ ಸೈಟಿನ ಲ್ಯಾಬಿನ ಹಿಂದೆ ತಗಡಿನ ಗೋಡೆ ಎದ್ದಿತು, ಬಾಗಿಲಿಗೆ ಒಳಗಿನಿಂದ ಚಿಲಕವೂ ಬಂತು.

"ಬ್ರಿಜ್ಜಿಗಿಂತ ಮೊದ್ಲ ಇದೇ ಚಾಲೂ ಆತ್ ನೋಡ್ರಿ ಅಕ್ಕೋರೆ" ಎಂದರು ಡಾಬಕಾದಿಂದ ಬರುವ ನಮ್ಮ ಲ್ಯಾಬಿನ ಹಿರಿಯ ಸಹಾಯಕರು. ನಾನೂ ನಕ್ಕೆ. ಮ್ಯಾನೇಜರ್ ಮೇಲಿನ ನನ್ನ ನಂಬಿಕೆ ಶುರುವಾದದ್ದು ಆ ಚಿಲಕದಿಂದ.

ಹೀಗಾಗಿ, ಮೂರನೆಯ ಕಂಬದ ತಲೆಭಾಗದ ಕ್ಯೂಬ್‌ಗಳು ಏಳನೆಯ ದಿನ ತೀರ ಕಡಿಮೆ ತೋರಿಸಿದಾಗ, ಕೆಲಸದ ಮೇಲೆ ಕಣ್ಣಿಡುವ ಕನ್ಸಲ್ಟೆಂಟ್ ಕಚೇರಿಗೆ ಬರೆಯುವ ಮೊದಲು ಮ್ಯಾನೇಜರ್‌ಗೆ ಹೇಳಿದೆ. ಸೇತುವೆಯ ಭಾರ ಹೊರುವ ತೊಲೆಗಳು, ಗರ್ಡರ್‌ಗಳು, ಕೂರುವುದು ಆ ಭಾಗದ ಮೇಲೆಯೇ.

"ಥಂಡಿ ದಿನ ಅವ ತಂಗಿ, ಇಪ್ಪತ್ತೆಂಟಕ್ಕ ಬಲ ಏರ್ತದ. ಸದ್ಯಕ್ಕ ಪೆನ್ಸಿಲ್ಲಿನಾಗ ಬರದಿಡ್ರಿ."

"ಏರಲಿಲ್ಲಂದ್ರ, ಸರ್?"

"ನಾನೇ ನಿಂತು ಒಡಸ್ತೀನಿ. ನನ್ನ ಮ್ಯಾಲ ಭರವಸಾ ಇಲ್ಲೇನು?"

ರಿಜಿಸ್ಟರಿನಲ್ಲಿ ಅಂಕಿಯನ್ನು ಪೆನ್ಸಿಲ್ಲಿನಲ್ಲಿ ಬರೆದೆ. ಮೂರು ವಾರ ಸುಮ್ಮನಿದ್ದೆ.

ಬೀದರಿನಲ್ಲಿ ಮೂರೂ ಕ್ಯೂಬ್ ಸಲೀಸಾಗಿ ಪಾಸಾದವು. ಸಹಿಗೆಂದು ರಿಜಿಸ್ಟರ್ ಮುಂದಿಟ್ಟಾಗ ಒಡೆದ ಚೂರಿನ ಮೇಲಿನ ಒಂಟಿ ಗೀರು ಕಂಡಿತು. ನಾಳೆ ಮಾಡುತ್ತೇನೆಂದು ಪೆನ್ನು ಕೆಳಗಿಟ್ಟೆ.

ಸೈಟಿಗೆ ಮರಳಿ ಸಹಾಯಕರನ್ನು ಕೇಳಿದೆ. ಅವರು ಕೈ ಒರೆಸಿಕೊಂಡರು.

"ನಿಮ್ಮವು ಹೋದ ವಾರನೇ ಸಾಹೇಬ್ರು ಇಲ್ಲೇ ಒಡಸಿದ್ರು. ಕಮ್ಮೀನೇ ಬಂದ್ವು. ಅದಕ್ಕೂ ಮೊದ್ಲ ನೀವು ಸೂಟಿ ಮ್ಯಾಲ ಇದ್ದಾಗ ಸಿಮೆಂಟ್ ಜಾಸ್ತಿ ಹಾಕಿ ಬ್ಯಾರೆ ಮಾಡ್ಸಿ ಇಟ್ಟಿದ್ರು. ನಿಮಗೂ ಗೊತ್ತದ ಅಂದ್ರಲ್ರಿ?"

ನಾನು ಹೋಗಿ ಕೇಳಿದಾಗ ಮ್ಯಾನೇಜರ್ ಅಲ್ಲಗಳೆಯಲಿಲ್ಲ. ದನಿಯನ್ನೂ ಏರಿಸಲಿಲ್ಲ. ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದ್ದ ಅದೇ ದನಿ.

"ಸೋಮವಾರ ಗರ್ಡರ್ ಏರ್ತಾವ. ಆಮ್ಯಾಲ ಯಾರು ನೋಡ್ತಾರ? ನಿಮ್ಮ ನೌಕರಿ ಸಲುವಾಗೇ ಮಾಡೀನಿ ತಂಗಿ. ಪೆನ್ಸಿಲ್ಲಿನಾಗ ಬರದವ್ರು ನೀವ, ಸುಮ್ನಿದ್ದವ್ರೂ ನೀವ."

ಅವರ ಆ ಕೊನೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ. ಆ ಮೂರು ವಾರ ಅವರಿಗೆ ಬೇಕಾಗಿದ್ದವು, ನಾನು ಕೊಟ್ಟಿದ್ದೆ.

ಮರುದಿನ ಬೆಳಿಗ್ಗೆ ಸೈಟಿಗೆ ಹೋಗಲಿಲ್ಲ. ನೀರು ಕುಡಿಯದೆ ಬೀದರಿನಿಂದ ಭಾಲ್ಕಿಯ ಬಸ್ಸು ಹತ್ತಿ, ಕನ್ಸಲ್ಟೆಂಟ್ ಕಚೇರಿಯ ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕುಳಿತೆ. ಪತ್ರದ ಮೊದಲ ವಾಕ್ಯದಲ್ಲಿ ನನ್ನ ಮೂರು ವಾರದ ಮೌನವಿತ್ತು. ಎರಡನೆಯದರಲ್ಲಿ ಏಳನೆಯ ದಿನದ ಅಂಕಿ, ಮೂರನೆಯದರಲ್ಲಿ ಒಂಟಿ ಗೀರು. ಗರ್ಡರ್ ಏರಿಸುವ ಮೊದಲು ಆ ಕಂಬದ ತಲೆಯನ್ನು ಕೊರೆದು, ತೆಗೆದ ತುಂಡಿನ ಬಲ ನೋಡಬೇಕೆಂದು ಕೊನೆಯಲ್ಲಿ ಕೇಳಿದ್ದೆ. ಗುಮಾಸ್ತರು ನನ್ನ ಪ್ರತಿಯ ಮೇಲೆ ಮೊಹರು ಒತ್ತಿ ಕೊಟ್ಟರು. ಶಾಯಿ ಒಣಗುವವರೆಗೆ ಅದನ್ನು ಕೈಯಲ್ಲೇ ಹಿಡಿದು ನಿಂತೆ.