ಹೋಗಿ ನೋಡಾಣ ಬರ್ರಿ

ನನ್ನ ಪಿಎಚ್.ಡಿ. ಗೈಡ್ ಆಗಿದ್ದ ಮೇಡಂ, ಯಾವ ಅಧ್ಯಾಯ ತೋರಿಸಿದರೂ ಕನ್ನಡಕವನ್ನು ತಲೆಯ ಮೇಲೇರಿಸಿ ಕೇಳುತ್ತಿದ್ದುದು ಒಂದೇ ಮಾತು: "ಹೋಗಿ ನೋಡಿದ್ಯೇನಮ್ಮ?" ನೋಡಿದೆ ಎಂದರೆ ಸಾಲದು. ನನ್ನ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಬಗ್ಗಿ ನೋಡಿಯೇ ನಂಬುತ್ತಿದ್ದರು.

ಚಿತ್ರದುರ್ಗದಲ್ಲಿ ನನ್ನ ವೈವಾ ಮುಗಿದರೂ ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದು ವಿಷಯದಲ್ಲಿ ಪಟ್ಟು ಹಿಡಿದಿದ್ದರು. ರಾಮಗಿರಿ ಹತ್ತಿರದ ಹೊಲವೊಂದರ ವೀರಗಲ್ಲಿನಲ್ಲಿ ಕತ್ತಿ ಹಿಡಿದು ನಿಂತಿರುವುದು ಹೆಂಗಸು ಎಂದು ನಾನು ಬರೆದಿದ್ದೆ. "ಫೋಟೋದಲ್ಲಿ ಗಂಡಸಿನ ಹಾಗೇ ಕಾಣುತ್ತಲ್ಲ," ಎಂದರು ಅವರು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅವರಿಗೆಂದೇ ನಾನು ತರಿಸಿದ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನನ್ನ ಪಕ್ಕದಲ್ಲೇ ಆರುತ್ತಿದ್ದವು.

ಬಾಗಿಲು ತೆರೆದದ್ದು ಮೇಡಂ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಕಾರಿನ ಕೀ ಇತ್ತು.

"ಬಜ್ಜಿ ಎಲ್ಲೂ ಓಡೋಗಲ್ಲ ಸರ್. ಕಲ್ಲು ಅಲ್ಲೇ ಐತೆ, ಹೋಗಿ ನೋಡಾಣ ಬರ್ರಿ."

ಇಳಿಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬೀಳುವ ಹೊತ್ತಿಗೆ ತಲುಪಿದೆವು. ಮೇಡಂ ವಾದಕ್ಕೆ ಇಳಿಯಲಿಲ್ಲ. ಬಾಟಲಿಯ ನೀರನ್ನು ಕಲ್ಲಿಗೆ ಸುರಿದು, ಅಂಗೈಯಿಂದ ಉಜ್ಜಿ, ಪಕ್ಕಕ್ಕೆ ಸರಿದು ನಿಂತರು. ಪರೀಕ್ಷಕರು ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿ ಕೂತರು. ಕೆತ್ತನೆಯ ಗೆರೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಒಮ್ಮೆಲೇ ಕೂಗಿದರು: "ಡಾಕ್ಟರೇ, ಬನ್ನಿ ಇಲ್ಲಿ! ಕೈತುಂಬ ಬಳೆ ಇವೆ, ತುರುಬೂ ಇದೆ!"

ನಮ್ಮ ಮೂವರಲ್ಲಿ ಅವರು ಡಾಕ್ಟರೇ ಎನ್ನುತ್ತಿದ್ದುದು ಮೇಡಂಗೆ ಎಂದುಕೊಂಡು ನಾನು ಮೇಡಂ ಕಡೆ ನೋಡಿದೆ. ಅವರು ಕದಲಲಿಲ್ಲ, ಒದ್ದೆ ಕೈಯಲ್ಲೇ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

"ಕರ್ದಿದ್ದು ನಿನ್ನೇ ಕಣಮ್ಮ. ಹೋಗಿ ನೋಡು."