ಮೂರು ಕಡೆಯ ಮೊದಲ ಸ್ವರ

ನಾನು ಸುಳ್ಳುಗಾರನಲ್ಲ. ಎದುರಿಗಿರುವವರಿಗೆ ಬೇಸರವಾಗಬಾರದೆಂದು ಮಾತಾಡುವವನು, ಅಷ್ಟೆ. ಇವೆರಡೂ ಬೇರೆ ಬೇರೆ ಎಂದು ಇಷ್ಟು ವರ್ಷ ಹೇಳಿದರೂ ನನ್ನ ಹೆಂಡತಿ ಒಪ್ಪಿಲ್ಲ.

ಕುಮಟೆಯ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಕಾಯುವುದು ನನ್ನ ಕೆಲಸ, ಹಾರ್ಮೋನಿಯಂ ನುಡಿಸುವುದು ನನ್ನ ಹುಚ್ಚು. ಒಬ್ಬನೇ ಕಛೇರಿ ಕೊಡುವಷ್ಟು ವಿದ್ಯೆ ಕೈಗೆ ಹತ್ತಲಿಲ್ಲ. ಆದರೆ ಜೊತೆಗೆ ಕೂರಲು ಮೂರು ಚಾಪೆಗಳಿದ್ದವು. ಒಂದು, ಹೊನ್ನಾವರದ ನಿವೃತ್ತ ಮಾಸ್ತರರದ್ದು. ಅವರು ಹಿಂದೂಸ್ತಾನಿ ಗವಾಯಿ. ಇನ್ನೊಂದು ಮಂಕಿಯ ಭಾಗವತರದ್ದು. ತೆಂಗಿನ ತೋಟ ಅವರ ಕಸುಬು, ತಾಳಮದ್ದಳೆಯಲ್ಲಿ ಪದ ಹೇಳುವುದು ಅವರ ಪ್ರಾಣ. ವೇಷವಿಲ್ಲದೆ ಕೂತಲ್ಲೇ ನಡೆಯುವ ಯಕ್ಷಗಾನ ಅದು, ಪದಗಳ ನಡುವೆ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಮೂರನೆಯದು ಭಟ್ಕಳದ ಬಳಿ ಹೆಬಳೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ, ಊರೆಲ್ಲ ಅಕ್ಕ ಎನ್ನುವ ಹೆಂಗಸಿನದ್ದು. ಅವರ ಭಜನಾ ಮಂಡಳಿಯಲ್ಲಿ ಸಾಹಿತ್ಯ ದೇವರದ್ದು, ಧಾಟಿ ಸಿನಿಮಾದ್ದು.

ಒಬ್ಬರ ಸಂಗೀತ ಕಂಡರೆ ಇನ್ನೊಬ್ಬರಿಗೆ ಆಗದು. ಮಾಸ್ತರರು ಭಾಗವತರ ಬಗ್ಗೆ, "ಅದು ಹಾಡದಲ್ದೋ. ಆಚೆ ದಡದ ದೋಣಿಯವ್ನ ಕರೆಯದು" ಎನ್ನುತ್ತಿದ್ದರು. ಭಾಗವತರು ಮಾಸ್ತರರ ಬಗ್ಗೆ, "ಒಂದು ಸಾಲಿಗೆ ಮುಕ್ಕಾಲು ತಾಸು ಬೇಕಾ ಮಾರಾಯ? ಅಷ್ಟೊತ್ತಿಗೆ ನಮ್ಮಲ್ಲಿ ಇಬ್ರು ರಾಕ್ಷಸರು ಸತ್ತು ಮೂರನೆಯವ್ನು ಎದ್ದಿರ್ತಾ" ಎನ್ನುತ್ತಿದ್ದರು. ಅಕ್ಕ ಇಬ್ಬರನ್ನೂ ಒಂದೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು: "ನಮ್ಮಲ್ಲಿ ಬಂದವ್ರು ಹಾಡ್ತ್ರು. ಅವ್ರಲ್ಲಿ ಬಂದವ್ರು ಬರೀ ಕೂತ್ಕಂತ್ರು."

ನಾನು ಮೂರೂ ಕಡೆ ತಲೆಯಾಡಿಸಿದೆ. ಹೊನ್ನಾವರದಲ್ಲಿ "ಸಂಗೀತ ಅಂದರೆ ಇದೇ, ಉಳಿದದ್ದೆಲ್ಲ ಗದ್ದಲ" ಎಂದೆ. ಮಂಕಿಯಲ್ಲಿ "ಗಂಟಲು ಅಂದರೆ ನಿಮ್ಮದು" ಎಂದೆ. ಹೆಬಳೆಯಲ್ಲಿ "ದೇವರಿಗೂ ಇದೇ ಇಷ್ಟ" ಎಂದುಬಿಟ್ಟೆ. ಬಾಯಿ ಸುಲಭಕ್ಕೆ ಹೊರಳಿತು, ಬೆರಳು ಹೊರಳಲಿಲ್ಲ. ಹೊನ್ನಾವರದಲ್ಲಿ ಹಾಡುವವರ ಹಿಂದೆ ನೆರಳಿನ ಹಾಗೆ ಓಡಬೇಕು. ಮಂಕಿಯಲ್ಲಿ ಶ್ರುತಿಗೆಂದು ಹಾರ್ಮೋನಿಯಂನ ಎರಡು ಮನೆ ಒತ್ತಿ ಹಿಡಿದು ಸುಮ್ಮನಿರಬೇಕು. ಒಮ್ಮೆ ಅಲ್ಲಿ ಮೈಮರೆತು ಭಾಗವತರ ಪದದ ಹಿಂದೆ ಬೆರಳು ಓಡಿಸಿದೆ. ಅವರು ಜಾಗಟೆ ನಿಲ್ಲಿಸಿ, "ನಿಂಗೆ ಮೈ ಮೇಲೆ ಹೊನ್ನಾವರ ಬಂತಾ?" ಎಂದು ಸಭೆಯೆದುರೇ ಕೇಳಿದರು. ಆಗಲೇ ಬುದ್ಧಿ ಕಲಿಯಬೇಕಿತ್ತು.

ಕಲಿಯಲಿಲ್ಲ. ಕಳೆದ ನವರಾತ್ರಿಯಲ್ಲಿ ಹೊಸ ಹಾರ್ಮೋನಿಯಂ ತಂದು ಪೂಜೆಗಿಟ್ಟೆ. ಪೂಜೆಗಿಟ್ಟ ವಾದ್ಯವನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಎತ್ತಿದ ಮೇಲೆ ಮೊದಲ ಸ್ವರ ಯಾರ ಹಾಡಿಗೆ ನುಡಿಯುತ್ತದೋ ಅವರಲ್ಲಿ ವರ್ಷವಿಡೀ ಸರಸ್ವತಿ ನಿಲ್ಲುತ್ತಾಳೆ ಎಂದು ನಮ್ಮವರ ನಂಬಿಕೆ. ಮಾಸ್ತರರು ಫೋನು ಮಾಡಿ ಕೇಳಿದರು: "ಮೊದ್ಲ ಸ್ವರ ಯಂಗೆ ಕೊಡ್ತ್ಯ?" ನಿಮಗೇ ಕೊಡುತ್ತೇನೆ ಎಂದೆ. ಭಾಗವತರು ಕೇಳಿದರು, ಅವರಿಗೂ ಎಂದೆ. ಅಕ್ಕ ಕೇಳಲೇ ಇಲ್ಲ. ನಾನೇ ಉತ್ಸಾಹದಲ್ಲಿ "ಮೊದಲು ನಿಮ್ಮಲ್ಲೇ ಅಕ್ಕ" ಎಂದುಬಿಟ್ಟೆ.

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಮೊದಲು ಹೊನ್ನಾವರ, ಆಮೇಲೆ ಮಂಕಿ, ಕಡೆಗೆ ಹೆಬಳೆ. ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ. ಪೆಟ್ಟಿಗೆ ಆಗಲೇ ನುಡಿದಿದೆಯೋ ಇಲ್ಲವೋ ಎಂದು ಮೂಸಿ ನೋಡುವವರು ಯಾರು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನನ್ನನ್ನು ಕೆಡಿಸಿದ್ದು ಅವರ ಒಳ್ಳೆಯತನ. ಹಬ್ಬದ ದಿನ ಪಾಪ, ಭಾರದ ಪೆಟ್ಟಿಗೆ ಹೊತ್ತು ಬಸ್ಸಿಗೆ ಕಾಯುವುದು ಬೇಡ ಎಂದು ಮೂವರಿಗೂ ಅನಿಸಿತ್ತು. ಒಬ್ಬರಾದರೂ ಹೇಳಿ ಬರಬಾರದೇ? ಬೆಳಿಗ್ಗೆ ಆರೂವರೆಗೆ ನಾನು ಪೂಜೆಯ ಹೂವು ತೆಗೆಯುತ್ತಿದ್ದಾಗ ಅಂಗಳದಲ್ಲಿ ಮಾಸ್ತರರ ಹಳೆಯ ಕಾರು ನಿಂತಿತು. ಅದರ ಹಿಂದೆ ಭಾಗವತರ ಬೈಕು, ಪೆಟ್ಟಿಗೆ ಕಟ್ಟಿಕೊಂಡು ಹೋಗಲು ತೆಂಗಿನ ನಾರಿನ ಹಗ್ಗದ ಸಮೇತ. ಐದು ನಿಮಿಷಕ್ಕೆ ಅಕ್ಕ, ತಮ್ಮ ಅಣ್ಣನ ಮೀನಿನ ಟೆಂಪೊದಲ್ಲಿ. "ಟೆಂಪೊ ತೊಳದ್ಕಂಡೇ ಬಂದಿದೆ" ಎಂದರು. ಮಾಸ್ತರರು ಪಂಚೆಯ ತುದಿಯನ್ನು ಮೂಗಿಗೆ ಹಿಡಿದರು.

"ನೀವೆಂತ ಇಲ್ಲಿ?" ಎಂದು ಮೂವರೂ ಒಬ್ಬರನ್ನೊಬ್ಬರು ಕೇಳಿದರು. ಉತ್ತರ ಒಂದೇ ಆಗಿತ್ತು. ಮೂವರೂ ತಿರುಗಿ ನನ್ನನ್ನು ನೋಡಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಕೂತ್ಕಣಿ, ಚಾ ಮಾಡ್ತೆ. ಇದು ಬೇಗ ಮುಗಿಯೂದಲ್ಲ" ಎಂದಳು. ಅವಳ ಮುಖದಲ್ಲಿ ನಾನು ಹಬ್ಬ ಕಂಡೆ.

ಅಕ್ಕ ಶುರು ಮಾಡಿದರು. "ದೇವರಿಗೂ ನಮ್ದೇ ಇಷ್ಟ ಅಂದಿದ್ಯಲ?" ಭಾಗವತರು, "ಗಂಟ್ಲು ಅಂದ್ರೆ ನಂದು ಅಂದಿದ್ದ" ಎಂದರು. ಮಾಸ್ತರರು ನಿಧಾನವಾಗಿ, "ನಿಂಗಳಿಬ್ರದ್ದೂ ಗದ್ದಲ ಹೇಳಿದ್ದ" ಎಂದರು. ಅಷ್ಟು ಸಾಲದೆ, "ನಾ ಹಾಂಗೆ ಹೇಳಿದ್ದಿಲ್ಲೆ, ಅಂವನೇ ಹೇಳಿದ್ದು" ಎಂದು ಸೇರಿಸಿದರು!

ನನಗೆ ನಿಜವಾಗಿ ಭಯವಾಯಿತು. ಈ ಮೂರು ಚಾಪೆ ಹೋದರೆ ನನಗೆ ಬೇರೆ ಚಾಪೆ ಇಲ್ಲ. ವಾರವಿಡೀ ಪಿಪೆಟ್ಟು ಎಣಿಸಿ, ಭಾನುವಾರವೂ ಮನೆಯಲ್ಲಿ ಕೂರಬೇಕು. ಒಬ್ಬನೇ ನುಡಿಸಿಕೊಂಡರೆ ಕೇಳಲು ನನಗೇ ಆಗುವುದಿಲ್ಲ.

"ಇಂದಾದ್ರೂ ಖರೆ ಹೇಳು" ಎಂದರು ಮಾಸ್ತರರು. "ಮೂರರಲ್ಲಿ ನಿಂಗೆ ಯಾವ್ದು ಸೇರ್ತು?"

ಹೇಗೂ ಮುಳುಗಿಯಾಗಿದೆ, ಚಳಿ ಎಂತದ್ದು ಎಂದುಕೊಂಡೆ. "ಮಾಸ್ತರೇ, ನಿಮ್ಮ ನಿಧಾನದ ವಿಲಂಬಿತಕ್ಕೆ ನಂಗೆ ನಿದ್ದೆ ಬರ್ತದೆ. ಭಾಗವತ್ರೇ, ಎರಡು ಮನೆ ಒತ್ತಿ ಒತ್ತಿ ನನ್ನ ಬೆರಳು ಜೋಮು ಹಿಡೀತದೆ. ಅಕ್ಕ, ನಿಮ್ಮ ಭಜನೆಗೆ ಕಣ್ಣು ಮುಚ್ಚಿದ್ರೆ ದೇವ್ರು ಬರೂದಿಲ್ಲ, ಹೀರೋಯಿನ್ನು ಬರ್ತಾಳೆ."

ಒಳಗೆ ಚಹಾದ ಪಾತ್ರೆ ಸದ್ದಾಯಿತು. "ಮತ್ತೆ ಎಂತಕ್ಕೆ ಬತ್ತೆ?" ಎಂದರು ಅಕ್ಕ.

"ನೀವು ಕರೀತ್ರಿ ಅಂತ" ಎಂದೆ. ನಾಚಿಕೆಯಾಯಿತು. "ಹಾಡುವವ್ರ ಪಕ್ಕ ಕೂರೂದು ನಂಗೆ ಸೇರ್ತದೆ. ಯಾವ ಹಾಡು ಅಂತ ಅಲ್ಲ."

ಮಾಸ್ತರರು ನಕ್ಕರು. ಭುಜ ಕುಣಿಯುವಷ್ಟು ನಕ್ಕರು. "ನಿದ್ದೆ ಬತ್ತು ಹೇಳಿ ಯಂಗೆ ಗೊತ್ತಿಲ್ಲೆ ಮಾಡ್ಕಂಡ್ಯ? ನಿದ್ದೆ ಬಂದ್ರೆ ನಿನ್ನ ಎಡಗೈ ತಿದಿ ಒತ್ತದು ನಿಧಾನ ಆಗ್ತು. ಸಭೆಗೆ ಸಾಕಾತು ಹೇಳಿ ಅದರ ಮೇಲೇ ತಿಳ್ಕಂಡು ನಾ ವಿಲಂಬಿತ ಬಿಟ್ಟು ಜೋರು ದ್ರುತಕ್ಕೆ ಹೋಗದು. ಒಳ್ಳೆ ನುಡಿಸವು ಹೊನ್ನಾವರದಲ್ಲಿ ಬೇಕಾದಷ್ಟು ಜನ ಇದ್ದ. ಅವು ಯಾರೂ ತೂಕಡಿಸ್ತ್ವಿಲ್ಲೆ, ಯಂಗೆ ಉಪಯೋಗ ಇಲ್ಲೆ."

ಹತ್ತು ವರ್ಷ ನನ್ನ ನುಡಿಸಾಣಿಕೆ ಮೆಚ್ಚಿ ಕರೆಯುತ್ತಾರೆಂದು ನಾನು ಬೀಗಿದ್ದೆ. ಮುಖ ಎಲ್ಲಿಡಲಿ? ಭಾಗವತರು ತೊಡೆ ತಟ್ಟಿದರು. "ಹೌದೇ ಹೌದು! ನಮ್ಮಲ್ಲೂ ಅರ್ಥಧಾರಿ ಮಾತು ಉದ್ದ ಆದ್ರೆ ಇವ್ನ ಶ್ರುತಿ ಇಳೀತದೆ. ನಾ ತಕ್ಷಣ ಮುಂದಿನ ಪದ ಎತ್ತೂದು." ಅಕ್ಕನೂ ತಲೆಯಾಡಿಸಿದರು. ಸಂಗೀತದ ವಿಷಯದಲ್ಲಿ ಆ ಮೂವರು ಒಪ್ಪಿದ ಮೊದಲ ಮಾತು ನನ್ನ ತೂಕಡಿಕೆಯೇ ಆಯಿತು.

ಮೊದಲ ಸ್ವರ ಅಲ್ಲಿಯೇ, ಜಗುಲಿಯಲ್ಲಿ, ಮೂವರ ಎದುರಿಗೇ ನುಡಿಯುವುದೆಂದು ತೀರ್ಮಾನವಾಯಿತು. ಯಾವ ಶ್ರುತಿ ಎಂದು ಚಹಾ ಆರುವವರೆಗೆ ಜಗಳವಾಡಿದರು. ಕೊನೆಗೆ ಹಿರಿಯರೆಂದು ಮಾಸ್ತರರಿಗೇ ಬಿಟ್ಟರು. ಅವರು ಕಣ್ಣು ಮುಚ್ಚಿ ವಿಲಂಬಿತ ಹಿಡಿದರು. ಇವತ್ತು ಮಾತ್ರ ಸೋಲುವುದಿಲ್ಲವೆಂದು ಹಲ್ಲು ಕಚ್ಚಿ ತಿದಿ ಒತ್ತಿದೆ. ಭಾಗವತರು ಬಂದು ನನ್ನ ಎಡಗೈಯ ಬಳಿಯೇ ಕೂತರು. ಅಕ್ಕ ಇನ್ನೊಂದು ಕಡೆ.

ಹದಿನೈದು ನಿಮಿಷ ಕಳೆದಿರಬೇಕು. "ಮಾಸ್ತರೇ," ಎಂದರು ಭಾಗವತರು, ಆಚೆ ದಡದ ದೋಣಿ ಕರೆಯುವ ತಮ್ಮ ಗಂಟಲಲ್ಲೇ, "ತಿದಿ ಮಲಗ್ತಾ ಇದೆ!"

ಮಾಸ್ತರರು ಕಣ್ಣು ತೆರೆಯದೆ ದ್ರುತಕ್ಕೆ ಹೋದರು.