ಎರಡು ಸಲ ಕರೆಯದ ಶೇಖಮ್ಮ

ಬಳಗಾನೂರಿನಲ್ಲಿ ಕೌದಿ ಹೊಲಿಯುವವರು ಮನೆಗೊಬ್ಬರಿದ್ದರು. ಶೇಖಮ್ಮನ ಕೌದಿಯ ಅಂಚು ಮಾತ್ರ ಬೇರೆ. ಕೆಂಪು, ಕರಿ, ಬಿಳಿ, ಮೂರೇ ಬಣ್ಣದ ತುಂಡುಗಳು. ಒಂದೇ ತುಂಡಾಗಲಿ, ನಾಲ್ಕರ ಗುಂಪಾಗಲಿ, ಬಂದ ಬೆನ್ನಿಗೇ ಮತ್ತೆ ಬರಬಾರದು. ಬಂದರೆ ಅಷ್ಟೂ ಬಿಚ್ಚುತ್ತಿದ್ದಳು. ತಲೆ ಕೆಟ್ಟಿದೆ ಎಂದು ಊರು ನಕ್ಕಿತು. ನಗುವವರಿಗೇನು ಗೊತ್ತು?

ಅವಳ ಮೊದಲ ಮಗ ಸೂಗಪ್ಪ ಎಂಬತ್ತೊಂದನೇ ಇಸವಿಯಲ್ಲಿ, ನಾಲ್ಕು ವರ್ಷದವನಿದ್ದಾಗ, ಕಾಲುವೆಯಲ್ಲಿ ಮುಳುಗಿದ. ಮರುವರ್ಷ ಇನ್ನೊಬ್ಬ ಹುಟ್ಟಿದ. ಹೋದವನೇ ಬಂದನೆಂದು ಅದೇ ಹೆಸರಿಟ್ಟಳು. ಅವನೂ ನಾಲ್ಕು ವರ್ಷಕ್ಕೆ ಅದೇ ಕಾಲುವೆಯ ಪಾಲಾದ. ಬೆನ್ನಿಗೆ ಬೆನ್ನು ಒಂದೇ ಹೆಸರು ಕೂಗಿ ಸಾವನ್ನು ಕರೆದವಳು ತಾನೇ ಎಂದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಯಾರನ್ನೂ ಎರಡು ಸಲ ಕರೆಯಲಿಲ್ಲ.

ಬಿಚ್ಚಿ ಬಿಚ್ಚಿ ಸಾಕಾಗಿ ಕೌದಿಗೊಂದು ದಾರಿ ಕಂಡುಕೊಂಡಳು. ಒಂದು ಕೆಂಪು ತುಂಡಿನಿಂದ ಶುರು. ಹಳೆಯ ಸಾಲು ನೋಡಿ ಹೊಸದು ಕಟ್ಟುವಾಗ ಕೆಂಪಿದ್ದಲ್ಲಿ ಕೆಂಪು-ಕರಿ-ಬಿಳಿ, ಕರಿಯಿದ್ದಲ್ಲಿ ಕೆಂಪು-ಬಿಳಿ, ಬಿಳಿಯಿದ್ದಲ್ಲಿ ಬರೀ ಕರಿ. ಸಾಲು ಬೆಳೆಯುತ್ತ ಹೋಯಿತು, ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಲಿಂಗಸುಗೂರಿನಿಂದ ಕೌದಿ ಒಯ್ಯಲು ಬಂದ ಲೆಕ್ಕದ ಮಾಸ್ತರ ಗೋಪಣ್ಣ ಅಂಚಿನ ಮೇಲೆ ಬೆರಳಾಡಿಸುತ್ತ ಕುಳಿತುಬಿಟ್ಟ.

“ಯವ್ವಾ, ಇದನ್ನ ಎಲ್ಲಿತನ ಬೆಳೆಸಿದ್ರೂ ಬೆನ್ನಿಗೆ ಬೆನ್ನು ಬರಂಗಿಲ್ಲ. ಆದ್ರ ಒಮ್ಮಿ ಬಂದಿದ್ದು ಪೂರಾ ಹೋಗಂಗೂ ಇಲ್ಲ ನೋಡು. ದೂರ ಹೋಗಿ ಮತ್ತ ಬರ್ತದ.”

ಅವನು ಹೊಗಳಲೆಂದೇ ಹೇಳಿದ್ದು. ಶೇಖಮ್ಮನಿಗೆ ಆ ದಿನ ಅನ್ನ ಇಳಿಯಲಿಲ್ಲ.

ತೊಂಬತ್ತೆರಡರಲ್ಲಿ, ಮುದಗಲ್ಲಿಗೆ ಕೊಟ್ಟ ಹಿರಿಯ ಮಗಳು ಸಂಗಮ್ಮ ಗಂಡು ಹೆತ್ತಳು. ಬೀಗರು ತಮ್ಮ ತೀರಿಹೋದ ಹಿರಿಯರ ಹೆಸರಿಟ್ಟರು: ಸೂಗಪ್ಪ. ಶೇಖಮ್ಮ ಕಾಲು ಹಿಡಿದರೂ ಕೇಳಲಿಲ್ಲ.

ಹುಡುಗನಿಗೆ ನಾಲ್ಕು ತುಂಬಿದ ವರ್ಷ ತಾಯಿಯೊಡನೆ ಬಳಗಾನೂರಿಗೆ ಬಂದ. ಅಜ್ಜಿ ಕರೆದರೆ ಓ ಅನ್ನುತ್ತಲೇ ಇರಲಿಲ್ಲ.

“ಸಂಗೀ, ಇವಗ ಕಿವಿ ಕೇಳಂಗಿಲ್ಲೇನು?”

“ಕೇಳ್ತದ ಬೇ ಯವ್ವಾ. ದೆವ್ವ ಒಂದ ಸಲ ಕೂಗ್ತದ, ಎರಡನೇ ಕೂಗಿಗೆ ಓ ಅನ್ನು ಅಂತ ನಾನ ಕಲಿಸೀನಿ.”

ತನ್ನ ಮನೆಯಲ್ಲಿ ತಾನೇ ದೆವ್ವವಾದೆನಲ್ಲ ಎಂದು ಶೇಖಮ್ಮ ನಕ್ಕಳು. ಆ ನಗು ಅವಳಿಗೇ ಹಿಡಿಸಲಿಲ್ಲ.

ಮರುದಿನ ಮಧ್ಯಾಹ್ನ ನೋಡಿದರೆ ಕೌದಿಯ ಮೇಲೆ ಮಲಗಿದ್ದ ಹುಡುಗ ಇರಲಿಲ್ಲ. ಕಾಲುವೆಯ ಕಡೆ ಓಡಿದಳು. ದೂರದಲ್ಲಿ, ಈ ಕಡೆ ಬೆನ್ನು ಮಾಡಿ, ನೀರಿಗೆ ಇಳಿಯುತ್ತಿದ್ದ.

“ಸೂಗಪ್ಪಾ!”

ಅವನು ತಿರುಗಲಿಲ್ಲ. ತಾಯಿ ಹೇಳಿದ್ದನ್ನು ಮರೆಯುವ ಹುಡುಗನಲ್ಲ ಅವನು. ಮತ್ತೆ ಕರೆದರೆ ಸಾವು ಬರುತ್ತದೆ, ಕರೆಯದಿದ್ದರೆ ನೀರು ಎಳೆಯುತ್ತದೆ. ಹತ್ತು ವರ್ಷ ಹಲ್ಲು ಕಚ್ಚಿ ಹಿಡಿದದ್ದನ್ನು ಶೇಖಮ್ಮ ಬಿಟ್ಟುಬಿಟ್ಟಳು.

“ಸೂಗಪ್ಪಾ!”

“ಓ ಅಜ್ಜೀ” ಎನ್ನುತ್ತ ತಿರುಗಿ, ಕಾಲುವೆಯ ಏರಿ ಹತ್ತಿ ಬಂದ.

ಅವನನ್ನು ಎದೆಗೊತ್ತಿಕೊಂಡು ಶೇಖಮ್ಮ ಅಲ್ಲೇ ಕುಳಿತಳು. ಸಂಗಮ್ಮ ಓಡಿಬಂದು ಎಬ್ಬಿಸಿದರೂ ಏಳಲಿಲ್ಲ.

“ನಡಿ ಬೇ ಯವ್ವಾ, ಬಂದಾನಲ್ಲ.”

“ಎರಡು ಸಲ ಕರ್ದೀನಿ,” ಎಂದಳು ಶೇಖಮ್ಮ, ನೀರಿನ ಮೇಲಿನ ಕಣ್ಣು ತೆಗೆಯದೆ. “ಒಬ್ಬವ ಬಂದಾನ. ಇನ್ನೊಬ್ಬವ ಬರೋತನ ತಡಿ.”